ಟೆಸ್ಟಿಂಗ್‌ಗೆ ರ‍್ಯಾಂಡಮ್ ಸ್ಟ್ರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರದ ಕಡೆ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು ಈಗ ಸುಮಾರು ಜನ ಇದ್ದಾರೆ. ಸೊಸೈಟಿಯ ಸದಸ್ಯರ ಪಟ್ಟಿ, ಅಡಿಕೆ ವ್ಯಾಪಾರದ ಬಿಲ್ಲು, ಬೋಟಿನವರ ಡೀಸೆಲ್ ಲೆಕ್ಕ, ಇಂಥ ಕೆಲಸಗಳಿಗೆ ಟೆಸ್ಟ್ ಡೇಟಾ ಮಾಡುವಾಗ ಹೊಸಬರು ಕೇಳುವ ಪ್ರಶ್ನೆಗಳು ಇವು. ಸ್ಟ್ರಿಂಗ್ ಅಂದರೆ ಅಕ್ಷರ, ಅಂಕಿ, ಚಿಹ್ನೆಗಳ ಸಾಲು. ರ‍್ಯಾಂಡಮ್ ಅಂದರೆ ಇಂಥದ್ದೇ ಅಂತಿಲ್ಲದೆ ಕಂಪ್ಯೂಟರ್ ಹೆಕ್ಕಿದ್ದು. ಉದಾಹರಣೆ ಹೆಚ್ಚಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವು. ಬೇರೆ ಭಾಷೆಯಲ್ಲಿ ಫಂಕ್ಷನ್ ಹೆಸರು ಬದಲಾಗಬಹುದು, ತಾಪತ್ರಯಗಳು ಅವೇ.

‘ಟೆಸ್ಟ್ 1’, ‘ಟೆಸ್ಟ್ 2’ ಅಂತ ಕೈಯಲ್ಲೇ ಹೊಡೆದರೆ ಸಾಲದಾ?

ಸ್ಕ್ರೀನ್ ತೆರೆಯುತ್ತದೋ ಇಲ್ಲವೋ ನೋಡಲು ಸಾಕು. ಅದಕ್ಕಿಂತ ಮುಂದೆ ಹೋಗಲು ಸಾಲದು. ಕೈಯಲ್ಲಿ ಹೊಡೆಯುವವರು ತಮಗೆ ಹೊಳೆದದ್ದನ್ನೇ ಹೊಡೆಯುತ್ತಾರೆ. ಕೋಡ್ ಬರೆದವರಿಗೂ ಅದೇ ಹೊಳೆದಿರುತ್ತದೆ, ಅದಕ್ಕೆ ಬೇಕಾದ ವ್ಯವಸ್ಥೆಯನ್ನೂ ಮಾಡಿರುತ್ತಾರೆ. ಬಗ್ ಇರುವುದು ಇಬ್ಬರಿಗೂ ಹೊಳೆಯದ ಜಾಗದಲ್ಲಿ.

ಇದಕ್ಕೊಂದು ಹಳೆಯ ಕಥೆಯಿದೆ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಫೋನ್ ಲೈನ್ ಮೂಲಕ ಯುನಿಕ್ಸ್ ಕಂಪ್ಯೂಟರಿಗೆ ಲಾಗಿನ್ ಆಗಿದ್ದರು. ಹೊರಗೆ ಗುಡುಗು, ಮಳೆ. ಲೈನಿನ ಗದ್ದಲದಿಂದ ಅವರು ಹೊಡೆದದ್ದರ ನಡುವೆ ಏನೇನೋ ಅಕ್ಷರ ನುಸುಳಿದವು. ಅದಕ್ಕೇ ಪ್ರೋಗ್ರಾಮ್‌ಗಳು ಕ್ರ್ಯಾಶ್ ಆಗತೊಡಗಿದವು. ಇದನ್ನೇ ಅವರು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. ಬೇಕೆಂದೇ ರ‍್ಯಾಂಡಮ್ ಅಕ್ಷರ ತುಂಬಿ ನೋಡಿದಾಗ, ಪರೀಕ್ಷಿಸಿದ ಯುನಿಕ್ಸ್ ಪ್ರೋಗ್ರಾಮ್‌ಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬಿದ್ದವು. ಆ ಪ್ರಬಂಧ ಬಂದದ್ದು 1990ರಲ್ಲಿ. ಹೀಗೆ ರ‍್ಯಾಂಡಮ್ ಅಕ್ಷರ ತುಂಬಿ ಪರೀಕ್ಷಿಸುವುದಕ್ಕೆ ಫಝಿಂಗ್ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಮಳೆಗಾಲದಲ್ಲಿ ನಮ್ಮ ಕಡೆಯ ಲ್ಯಾಂಡ್‌ಲೈನ್ ಹೇಗೆ ಗರಗರ ಎನ್ನುತ್ತಿತ್ತು ಅಂತ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಸುಮ್ನೆ ಕಸ ಸುರಿದರೆ ಆಯ್ತಲ್ಲ?

ಆಗುವುದಿಲ್ಲ. ಪಿನ್ ಕೋಡ್ ಜಾಗಕ್ಕೆ ಏನೇನೋ ಅಕ್ಷರ ಹಾಕಿದರೆ ಫಾರ್ಮ್ ಬಾಗಿಲಲ್ಲೇ ತಡೆಯುತ್ತದೆ. ಒಳಗಿನ ಕೋಡ್ ಓಡುವುದೇ ಇಲ್ಲ. ಸಾವಿರ ಸಲ ಹಾಕಿದರೂ ನೀವು ಪರೀಕ್ಷೆ ಮಾಡಿದ್ದು ಆ ಬಾಗಿಲನ್ನು ಮಾತ್ರ.

ಅದಕ್ಕೇ ಮೊದಲು ಆಕಾರ, ಆಮೇಲೆ ರ‍್ಯಾಂಡಮ್. ಪಿನ್ ಅಂದರೆ ಆರು ಅಂಕಿ, ಮೊದಲನೆಯದು ಸೊನ್ನೆ ಅಲ್ಲ. ಕಾರವಾರ 581301, ಶಿರಸಿ 581401. ಎಸ್‌ಟಿಡಿ ಕೋಡ್ ಸೊನ್ನೆಯಿಂದಲೇ ಶುರು. ಕಾರವಾರ 08382, ಶಿರಸಿ 08384. ಗಾಡಿ ನಂಬರ್ ಆದರೆ ಕೆಎ 30 ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಐಎಫ್‌ಎಸ್‌ಸಿ ಅಂದರೆ 11 ಅಕ್ಷರ: ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಕಡ್ಡಾಯವಾಗಿ ಸೊನ್ನೆ, ಉಳಿದದ್ದು ಶಾಖೆಯ ಕೋಡ್.

ಈ ಆಕಾರದಲ್ಲಿ ಸರಿಯಾದ ಸ್ಟ್ರಿಂಗ್ ಮಾಡಿಕೊಳ್ಳಿ. ಆಮೇಲೆ ಒಂದೇ ಒಂದು ಕಡೆ ಕೆಡಿಸಿ. ಒಂದು ಅಂಕಿ ತೆಗೆಯಿರಿ, ನಡುವೆ ಸ್ಪೇಸ್ ಹಾಕಿ, ಸೊನ್ನೆ ಇದ್ದಲ್ಲಿ ‘ಓ’ ಇಡಿ, 581301 ಅನ್ನು ಕನ್ನಡ ಅಂಕಿಯಲ್ಲಿ ೫೮೧೩೦೧ ಮಾಡಿ. ಈ ಕೊನೆಯದನ್ನು ತಪ್ಪದೆ ಮಾಡಿ ನೋಡಿ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಸ್ಟ್ರಿಂಗಿನ ಆಕಾರ ತಾಳೆ ನೋಡುವ ಸೂತ್ರ) ‘ಯಾವುದೇ ಅಂಕಿ’ ಎಂಬ ಗುರುತು ಕನ್ನಡ ಅಂಕಿಯನ್ನೂ ಒಪ್ಪುತ್ತದೆ. ಬಾಗಿಲು ದಾಟಿದ ೫೮೧೩೦೧ ಡೇಟಾಬೇಸಿಗೆ ಹೋಗಿ, ಹುಡುಕಿದಾಗ ಸಿಗುವುದಿಲ್ಲ.

ಟೆಸ್ಟ್ ನಿನ್ನೆ ರಾತ್ರಿ ಫೇಲ್ ಆಯಿತು, ಬೆಳಿಗ್ಗೆ ಪಾಸ್. ಏನು ಮಾಡಲಿ?

ಸೀಡ್ (ರ‍್ಯಾಂಡಮ್ ಲೆಕ್ಕ ಶುರುವಾಗುವ ಸಂಖ್ಯೆ) ಬರೆದಿಟ್ಟಿದ್ದೀರಾ? ಇಲ್ಲ ಅಂದರೆ ಏನೂ ಮಾಡಲಾಗದು.

ಕಂಪ್ಯೂಟರಿನ ಸಾಮಾನ್ಯ ರ‍್ಯಾಂಡಮ್ ನಿಜಕ್ಕೂ ಲೆಕ್ಕ ಹಾಕಿ ಬಂದ ಸಂಖ್ಯೆ. ಪೈಥಾನ್‌ನಲ್ಲಿ ಇರುವುದು ಮರ್ಸೆನ್ ಟ್ವಿಸ್ಟರ್ ಎಂಬ ಲೆಕ್ಕ. ಒಂದೇ ಸೀಡ್ ಕೊಟ್ಟರೆ ಒಂದೇ ಸಾಲು ಬರುತ್ತದೆ. ಟೆಸ್ಟಿಂಗ್‌ಗೆ ಬೇಕಾದದ್ದೂ ಇದೇ. ಪ್ರತಿ ರಾತ್ರಿ ಹೊಸ ಸೀಡ್ ತೆಗೆದುಕೊಳ್ಳಿ, ಆದರೆ ಅದನ್ನು ಲಾಗ್‌ನ ಮೊದಲ ಸಾಲಿನಲ್ಲೇ ಪ್ರಿಂಟ್ ಮಾಡಿ. ಕೊನೆಯಲ್ಲಿ ಮಾಡಿದರೆ ಕ್ರ್ಯಾಶ್ ಆದ ದಿನ ಆ ಸಾಲು ಇರುವುದೇ ಇಲ್ಲ.

ಸೀಡ್ ಇದ್ದರೂ ಕೈಕೊಡುವ ಸಂದರ್ಭಗಳು ಇವೆ. ಹೆಸರು, ಊರು, ಫೋನ್ ಎಲ್ಲಕ್ಕೂ ಒಂದೇ ಜನರೇಟರ್ (ರ‍್ಯಾಂಡಮ್ ಸಂಖ್ಯೆ ಕೊಡುವ ಕೋಡ್) ಇದ್ದು, ನಡುವೆ ಹೊಸದಾಗಿ ‘ತಂದೆಯ ಹೆಸರು’ ಸೇರಿಸಿದಿರಿ ಅನ್ನಿ. ಅಲ್ಲಿಂದ ಮುಂದಿನದೆಲ್ಲ ಒಂದು ಹೆಜ್ಜೆ ಸರಿದು ಬೇರೆಯೇ ಆಗುತ್ತದೆ. ಪ್ರತಿ ಫೀಲ್ಡಿಗೂ ಬೇರೆ ಜನರೇಟರ್ ಇಟ್ಟರೆ ಈ ಕಾಟ ಇಲ್ಲ. ಹಾಗೇ, ಪೈಥಾನ್‌ನ ಸೆಟ್‌ನಿಂದ (ಕ್ರಮವಿಲ್ಲದ ಸಂಗ್ರಹ) ಸ್ಟ್ರಿಂಗ್ ಆರಿಸಬೇಡಿ. ಪೈಥಾನ್ 3.3ರಿಂದ ಸ್ಟ್ರಿಂಗ್‌ಗಳ ಹ್ಯಾಶ್ (ಸ್ಟ್ರಿಂಗಿನಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ) ಪ್ರತಿ ಸಲ ಓಡಿಸಿದಾಗ ಬದಲಾಗುತ್ತದೆ, ಸೆಟ್‌ನ ಕ್ರಮವೂ ಬದಲಾಗುತ್ತದೆ. ಸಾರ್ಟ್ ಮಾಡಿ ಲಿಸ್ಟ್ ಆಗಿಸಿ, ಆಮೇಲೆ ಆರಿಸಿ. ಇನ್ನು ಪೈಥಾನ್ ವರ್ಶನ್ ಬದಲಾದರೆ ಆರಿಸುವ ಚಾಯ್ಸ್, ಕಲಸುವ ಶಫಲ್ ಮುಂತಾದ ಫಂಕ್ಷನ್‌ಗಳು ಅದೇ ಸೀಡಿಗೆ ಅದೇ ಉತ್ತರ ಕೊಡುತ್ತವೆ ಎಂಬ ಖಾತರಿಯಿಲ್ಲ. ಸಿಕ್ಕಿಬಿದ್ದ ಸ್ಟ್ರಿಂಗ್ ಅನ್ನೇ ಒಂದು ಖಾಯಂ ಟೆಸ್ಟ್ ಆಗಿ ಉಳಿಸಿಕೊಳ್ಳುವುದು ಒಳ್ಳೆಯದು.

ಕನ್ನಡದ ರ‍್ಯಾಂಡಮ್ ಸ್ಟ್ರಿಂಗ್ ಮಾಡುವುದು ಹೇಗೆ?

ಎಲ್ಲ ಲಿಪಿಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗದ ಒಂದು ಬ್ಲಾಕ್ ಇದೆ. ಹೊಸಬರು ಆ ಬ್ಲಾಕಿನಿಂದ ಹತ್ತು ಕೋಡ್ ಪಾಯಿಂಟ್ (ಪ್ರತಿ ಜಾಗಕ್ಕೂ ಇರುವ ಸಂಖ್ಯೆ) ಹೆಕ್ಕಿ ಜೋಡಿಸುತ್ತಾರೆ. ಬರುವುದು ಓದಲಾಗದ ಗೊಜ್ಜು. ಆ ಬ್ಲಾಕಿನಲ್ಲಿ ‘ಕ’, ‘ಗ’ ಇದ್ದ ಹಾಗೇ ಕೊಂಬು, ಗುಡಿಸು, ಏತ್ವ, ಹಲಂತ ಎಲ್ಲವೂ ಬಿಡಿಬಿಡಿಯಾಗಿವೆ. ಕೆಲವು ಜಾಗ ಖಾಲಿಯೂ ಇವೆ. ಆಸರೆ ಇಲ್ಲದ ಕೊಂಬು ಮೊದಲೇ ಬಂದರೆ ಸ್ಕ್ರೀನ್ ಮೇಲೆ ಚುಕ್ಕಿ ವರ್ತುಲ ಕಾಣುತ್ತದೆ.

ಸರಿಯಾದ ದಾರಿ ಅಂದರೆ ಅಕ್ಷರವನ್ನು ನಾವು ಬರೆಯುವ ಹಾಗೇ ಕಟ್ಟುವುದು. ಒಂದು ವ್ಯಂಜನ ತೆಗೆದುಕೊಳ್ಳಿ. ಐದರಲ್ಲಿ ಒಂದು ಸಲ ಹಲಂತ ಮತ್ತು ಇನ್ನೊಂದು ವ್ಯಂಜನ ಸೇರಿಸಿ, ಒತ್ತಕ್ಷರ ಆಯಿತು. ಆಮೇಲೆ ಒಂದು ಸ್ವರ ಚಿಹ್ನೆ, ಅಥವಾ ಏನೂ ಇಲ್ಲ. ಅಪರೂಪಕ್ಕೆ ಒಂದು ಸೊನ್ನೆ (ಅನುಸ್ವಾರ). ಹೀಗೆ ಮೂರು ನಾಲ್ಕು ಅಕ್ಷರ ಸೇರಿಸಿದರೆ ‘ಕ್ಷೋಪಂಗಿ’, ‘ತ್ರೂಮಲೆ’, ‘ದೌಗ್ಣಿರ’ ಅಂತ ಏನೋ ಬರುತ್ತದೆ. ಅರ್ಥವಿಲ್ಲ, ಆದರೆ ಓದಬಹುದು. ಫೋನಿನಲ್ಲಿ ಡೆವಲಪರಿಗೆ ‘ದೌಗ್ಣಿರ ಹಾಕಿದಾಗ ಬೀಳ್ತದೆ’ ಅಂತ ಹೇಳಲೂಬಹುದು. ಇದು ಸಣ್ಣ ಅನುಕೂಲ ಅಲ್ಲ.

ಹಾಗಂತ ಕೆಟ್ಟ ಜೋಡಣೆಯನ್ನು ಬಿಡಬೇಡಿ. ಎರಡು ಹಲಂತ, ಒಂದೇ ವ್ಯಂಜನಕ್ಕೆ ಎರಡು ಕೊಂಬು, ಐದು ಒತ್ತಕ್ಷರದ ಸಾಲು, ಇವನ್ನೆಲ್ಲ ಬೇರೆ ಚೀಲದಲ್ಲಿಟ್ಟು ಪ್ರತ್ಯೇಕವಾಗಿ ಓಡಿಸಿ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಒಳಗೊಂಡ ಒಂದು ಜೋಡಣೆ ಬಂದರೆ ಸಾಕು, ಐಫೋನಿನ ಮೆಸೇಜ್ ಆ್ಯಪ್ ಬೀಳುತ್ತಿತ್ತು. ಆ್ಯಪಲ್ ಅದಕ್ಕೆಂದೇ ಐಓಎಸ್ 11.2.6 ಬಿಡಬೇಕಾಯಿತು. ನಮ್ಮ ಲಿಪಿ ತೆಲುಗಿನ ಪಕ್ಕದ ಮನೆಯದ್ದೇ.

ಹೆಸರಿನ ಫೀಲ್ಡಿಗೆ 30 ಇಟ್ಟಿದ್ದಾರೆ. ಸಾಕಲ್ವಾ?

30 ಏನು ಅಂತ ಕೇಳಿ. 30 ಅಕ್ಷರವಾ, 30 ಕೋಡ್ ಪಾಯಿಂಟಾ, 30 ಬೈಟಾ?

ಯೂನಿಕೋಡ್ ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೂ 3 ಬೈಟ್ ಬೇಕು. ‘ಗಣಪತಿ ಹೆಗಡೆ’ ತೆಗೆದುಕೊಳ್ಳಿ. ಘಟ್ಟದ ಮೇಲೆ ಇದಕ್ಕಿಂತ ಸಾಮಾನ್ಯ ಹೆಸರು ಸಿಗುವುದು ಕಷ್ಟ. ‘ಗಣಪತಿ’ಗೆ ಐದು ಕೋಡ್ ಪಾಯಿಂಟ್, ‘ಹೆಗಡೆ’ಗೆ ಐದು, ನಡುವೆ ಒಂದು ಸ್ಪೇಸ್. ಹತ್ತು ಮೂರಲೆ ಮೂವತ್ತು, ಸ್ಪೇಸಿಗೆ ಒಂದು, ಒಟ್ಟು 31 ಬೈಟ್. ಮಿತಿ 30 ಬೈಟ್ ಆಗಿದ್ದರೆ ಒಂದೇ ಬೈಟಿನಲ್ಲಿ ಸಿಕ್ಕಿಬಿತ್ತು. ಯಾವುದೋ ಹಳೆಯ ಕೋಡ್ ಸುಮ್ಮನೆ ಕತ್ತರಿಸಿದರೆ ಕೊನೆಯ ಎತ್ವ ಅರ್ಧ ತುಂಡಾಗಿ, ‘ಹೆಗಡ’ ಪಕ್ಕ ಒಂದು ಪ್ರಶ್ನಾರ್ಥಕ ಡಬ್ಬಿ ಕೂರುತ್ತದೆ. ಇಂಗ್ಲಿಷಿನಲ್ಲಿ ಅದೇ ಹೆಸರು ಆರಾಮಾಗಿ ಪಾಸ್ ಆಗುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಒರಾಕಲ್ ಡೇಟಾಬೇಸಿನಲ್ಲಿ ಸ್ಟ್ರಿಂಗ್ ಇಡುವ ವಾರ್‌ಚಾರ್2ನಲ್ಲಿ ಏನೂ ಹೇಳದಿದ್ದರೆ ಲೆಕ್ಕ ಬೈಟಿನದು. ಮೈಎಸ್‌ಕ್ಯೂಎಲ್‌ನ ವಾರ್‌ಚಾರ್‌ನಲ್ಲಿ ಕೋಡ್ ಪಾಯಿಂಟಿನದು. ಎಸ್‌ಎಂಎಸ್‌ನಲ್ಲಿ ಮತ್ತೂ ಬೇರೆ: ಇಂಗ್ಲಿಷಿಗೆ 160, ಕನ್ನಡ ಸೇರಿದರೆ 70. ಅದನ್ನೂ ಮೀರಿದರೆ 67ರ ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡಿಗೂ ದುಡ್ಡು. ಆದ್ದರಿಂದ ರ‍್ಯಾಂಡಮ್ ಉದ್ದ ಅಂತ 1ರಿಂದ 100ರವರೆಗೆ ಎಲ್ಲೆಲ್ಲೋ ಹೆಕ್ಕುವ ಬದಲು ಈ ಗಡಿಗಳ ಸುತ್ತ ಜಾಸ್ತಿ ಹೆಕ್ಕಿ: 0, 1, ಮಿತಿಗೆ ಒಂದು ಕಡಿಮೆ, ಮಿತಿ, ಮಿತಿಗೆ ಒಂದು ಹೆಚ್ಚು.

ಸ್ಟ್ರಿಂಗ್ ಅನ್ನು ತಿರುಗಿಸುವುದು, ಬದಲಿಸುವುದು ಇತ್ಯಾದಿ ಕನ್ನಡಕ್ಕೂ ನಡೆಯುತ್ತದಾ?

ನಡೆಯುತ್ತದೆ, ಆದರೆ ನೀವು ಅಂದುಕೊಂಡ ಹಾಗೆ ಅಲ್ಲ. ‘ಭಟ್ಕಳ’ವನ್ನು ಕೋಡ್ ಪಾಯಿಂಟ್ ಲೆಕ್ಕದಲ್ಲಿ ತಿರುಗಿಸಿದರೆ ‘ಳಕ್ಟಭ’. ಅಕ್ಷರದ ಲೆಕ್ಕದಲ್ಲಿ ತಿರುಗಿಸಿದರೆ ‘ಳಟ್ಕಭ’. ಒತ್ತು ಅದಲುಬದಲಾಯಿತು ನೋಡಿ. ‘ಕುಮಟಾ’ ಆದರೆ ಇನ್ನೂ ಮಜಾ. ಕೊನೆಯ ದೀರ್ಘ ಅನಾಥವಾಗಿ ಮುಂದೆ ಬಂದು ನಿಲ್ಲುತ್ತದೆ, ‘ಕು’ವಿನ ಕೊಂಬು ‘ಮ’ಕ್ಕೆ ಹೋಗಿ ಅಂಟುತ್ತದೆ. ಅಕ್ಷರ ಒಡೆಯಲು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸಿದರೂ ಒಮ್ಮೆ ಕಣ್ಣಿಂದ ನೋಡಿ. ಕೆಲವು ಲೈಬ್ರರಿಗಳು ಒತ್ತಕ್ಷರವನ್ನು ಹಲಂತದ ಹತ್ತಿರ ಎರಡು ಮಾಡುತ್ತವೆ.

ದೊಡ್ಡಕ್ಷರ, ಸಣ್ಣಕ್ಷರದ ಬದಲಾವಣೆ ಕನ್ನಡಕ್ಕೆ ಲೆಕ್ಕಕ್ಕೇ ಇಲ್ಲ. ಏನೂ ಬದಲಾಗದೆ ಟೆಸ್ಟ್ ಪಾಸ್ ಆಗುತ್ತದೆ, ಅಷ್ಟೆ.

ಬಹಳ ಕೆಲಸಕ್ಕೆ ಬರುವುದು ನಾರ್ಮಲೈಸೇಶನ್, ಅಂದರೆ ಒಂದೇ ಅಕ್ಷರವನ್ನು ಬೇರೆ ಬೇರೆ ಥರ ಬರೆದಿದ್ದರೆ ಒಂದೇ ರೂಪಕ್ಕೆ ತರುವುದು. ‘ಅಂಕೋಲಾ’ದ ‘ಕೋ’ದಲ್ಲಿರುವ ಓತ್ವವನ್ನು ಒಂದೇ ಕೋಡ್ ಪಾಯಿಂಟ್ ಆಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಸ್ಕ್ರೀನಿನಲ್ಲಿ ಎರಡೂ ಒಂದೇ. ಒಂದು ‘ಅಂಕೋಲಾ’ 6 ಕೋಡ್ ಪಾಯಿಂಟ್, 18 ಬೈಟ್. ಇನ್ನೊಂದು ‘ಅಂಕೋಲಾ’ 8 ಕೋಡ್ ಪಾಯಿಂಟ್, 24 ಬೈಟ್. ಒಂದರಲ್ಲಿ ಸೇವ್ ಮಾಡಿ ಇನ್ನೊಂದರಲ್ಲಿ ಹುಡುಕಿದರೆ ‘ಇಂಥ ಊರಿಲ್ಲ’ ಅನ್ನುತ್ತದೆ. ಹಾಗಾಗಿ ನೀವು ಮಾಡುವ ಪ್ರತಿ ಕನ್ನಡ ಸ್ಟ್ರಿಂಗಿಗೂ ಎನ್‌ಎಫ್‌ಸಿ (ಕೂಡಿಸಿದ್ದು), ಎನ್‌ಎಫ್‌ಡಿ (ತುಂಡು ಮಾಡಿದ್ದು) ಎರಡೂ ರೂಪ ಮಾಡಿ ಹಾಕಿ.

ಸಾರ್ಟಿಂಗ್‌ನಲ್ಲೂ ಒಂದಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ಯೂನಿಕೋಡ್‌ನಲ್ಲಿ ‘ಲ’ದ ಪಕ್ಕ. ಬರೀ ಕೋಡ್ ಪಾಯಿಂಟಿನ ಮೇಲೆ ಸಾರ್ಟ್ ಮಾಡಿದರೆ ಹಳದೀಪುರ ಮೊದಲು, ಹವಗಿ ಆಮೇಲೆ. ನಿಘಂಟಿನ ಕ್ರಮದಲ್ಲಿ ಹವಗಿಯೇ ಮೊದಲು. ಮತದಾರರ ಪಟ್ಟಿಯನ್ನು ಬೆರಳಿಟ್ಟು ನೋಡಿ ಅಭ್ಯಾಸ ಇರುವ ಕಾರ್ಯದರ್ಶಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಕಣ್ಣಿಗೆ ಕಾಣದ ಅಕ್ಷರ ಅಂದರೆ ಏನು?

ಈ ಪುಟದ ‘ಸಾಫ್ಟ್‌ವೇರ್’ ಪದದಲ್ಲೇ ಒಂದಿದೆ. ‘ಟ್’ ಮತ್ತು ‘ವೇ’ ಒತ್ತಾಗಿ ಅಂಟದಿರಲಿ ಅಂತ ನಡುವೆ ಝೀರೋ ವಿಡ್ತ್ ನಾನ್‌ಜಾಯ್ನರ್ ಹಾಕುತ್ತಾರೆ. ಕೆಲವರು ಟೈಪ್ ಮಾಡುವಾಗ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕೆಲವು ಆ್ಯಪ್ ‘ಸ್ವಚ್ಛ’ ಮಾಡುವ ಹೆಸರಲ್ಲಿ ಕಿತ್ತು ಬಿಸಾಡುತ್ತವೆ. ಹಲಂತ ಇರುವ ಸ್ಟ್ರಿಂಗಿಗೆ ಅರ್ಧದಷ್ಟು ಸಲ ಇದನ್ನು ಸೇರಿಸಿ, ಹುಡುಕಾಟ ಕೆಲಸ ಮಾಡುತ್ತದಾ ನೋಡಿ.

ಸ್ಪೇಸ್ ಕೂಡ ಇದೇ ಜಾತಿ. ಅಡಿಕೆಯ ಬಗೆ ಬರೆಯುವಾಗ ಒಬ್ಬರು ‘ಕೆಂಪುಗೋಟು’, ಇನ್ನೊಬ್ಬರು ‘ಕೆಂಪು ಗೋಟು’, ಮೂರನೆಯವರ ಕೈಯಲ್ಲಿ ನಡುವೆ ಎರಡು ಸ್ಪೇಸ್. ರಾಶಿ, ಚಾಲಿ, ಬೆಟ್ಟೆಗೆ ಈ ಗೋಳಿಲ್ಲ, ‘ತಟ್ಟಿಬೆಟ್ಟೆ’ಗೆ ಇದೆ. ಶಿರಸಿ, ಶಿರ್ಸಿ, ಸಿರ್ಸಿ ಮೂರೂ ಬರೆಯುವವರು ಇದ್ದಾರೆ. ಡ್ರಾಪ್‌ಡೌನ್ ಇಲ್ಲದ ಕಡೆ ಇವೆಲ್ಲ ಬಂದೇ ಬರುತ್ತವೆ.

ಹೆಸರುಗಳು ಒಂದೂ ರಿಪೀಟ್ ಆಗದ ಹಾಗೆ ಮಾಡಿದ್ದೇನೆ. ಸರಿ ತಾನೇ?

ತಪ್ಪು. ಜನರೇಟರ್ ಕೊಟ್ಟ ಪಟ್ಟಿಯಲ್ಲಿ ಎಲ್ಲರಿಗೂ ಬೇರೆ ಬೇರೆ ಹೆಸರು. ಊರಿನ ಪಟ್ಟಿಯಲ್ಲಿ ಹಾಗಿರುವುದಿಲ್ಲ. ಒಂದೇ ಸೊಸೈಟಿಯಲ್ಲಿ ಐದು ಗಣಪತಿ ಹೆಗಡೆ, ನಾಲ್ಕು ಮಂಜುನಾಥ ನಾಯ್ಕ ಇರುತ್ತಾರೆ. ಗುರುತು ಹಿಡಿಯುವುದು ತಂದೆಯ ಹೆಸರಿಂದ, ಊರಿಂದ, ಮನೆಯಿಂದ. ಬಗ್ ಇರುವುದೂ ಅಲ್ಲೇ: ಒಬ್ಬರ ಅಡಿಕೆ ಹಣ ಇನ್ನೊಬ್ಬರ ಖಾತೆಗೆ. ಅದಕ್ಕೆ ಅಡ್ಡಹೆಸರುಗಳನ್ನು ಸಮವಾಗಿ ಹಂಚಬೇಡಿ. ಹೆಗಡೆ, ಭಟ್ಟ, ನಾಯ್ಕ, ನಾಯಕ, ಗೌಡ ಜಾಸ್ತಿ ಬರಲಿ. ಶಾನಭಾಗ, ಹರಿಕಾಂತ, ಸಿದ್ದಿ, ಗಾಂವ್ಕರ್ ಕೂಡ ಇರಲಿ. ‘ನಾಯ್ಕ’ ಮತ್ತು ‘ನಾಯಕ’ ಬೇರೆ ಬೇರೆ, ಒಂದನ್ನು ಹುಡುಕಿದಾಗ ಇನ್ನೊಂದು ಬರಬೇಕೋ ಬೇಡವೋ ಅಂತ ಮೊದಲೇ ಕೇಳಿಕೊಳ್ಳಿ. ಕಾರವಾರದ ‘ಡಿ'ಸೋಜಾ’ದಲ್ಲಿರುವ ಆ ಒಂಟಿ ಕೊಟೇಶನ್ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕೊಡುವ ಆದೇಶದ ಭಾಷೆ) ಅನ್ನು ಕೈಯಲ್ಲಿ ಜೋಡಿಸಿ ಬರೆದ ಕೋಡ್ ಅನ್ನು ಅಲ್ಲೇ ಮಲಗಿಸುತ್ತದೆ. ಅಡ್ಡಹೆಸರೇ ಇಲ್ಲದವರು, ಬರೀ ಇನಿಶಿಯಲ್ ಇರುವವರು ಕೂಡ ಬೇಕು.

ನಿಜವಾದ ಡೇಟಾವನ್ನೇ ಹೆಸರು ಬದಲಿಸಿ ಬಳಸಬಹುದಾ?

ಆದಷ್ಟು ಬೇಡ. ಬಳಸಲೇಬೇಕಾದರೆ ಹೆಸರೊಂದನ್ನೇ ಬದಲಿಸಿ ಸುಮ್ಮನಾಗಬೇಡಿ. ಸಣ್ಣ ಊರಿನಲ್ಲಿ ‘ಇಂಥ ದಿನ ಇಷ್ಟು ಕ್ವಿಂಟಲ್ ಚಾಲಿ ಹಾಕಿದವರು’ ಅಂದರೆ ಸಾಕು, ಯಾರು ಅಂತ ಚಹಾದ ಅಂಗಡಿಯಲ್ಲಿ ಹೇಳುತ್ತಾರೆ. ತಾರೀಕು ಸರಿಸಿ, ತೂಕಕ್ಕೆ ಸ್ವಲ್ಪ ಹೆಚ್ಚುಕಡಿಮೆ ಸೇರಿಸಿ.

ಫೋನ್ ನಂಬರನ್ನು ಹ್ಯಾಶ್ ಮಾಡಿದರೆ ಸಾಕು ಅನ್ನುವುದೂ ಮೋಸ. ನಮ್ಮ ಮೊಬೈಲ್ ನಂಬರ್ 6ರಿಂದ 9ರಲ್ಲಿ ಶುರುವಾಗುವ ಹತ್ತು ಅಂಕಿ. ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ಅಷ್ಟನ್ನೂ ಹ್ಯಾಶ್ ಮಾಡಿ ಹೊಂದಿಸಿ ನೋಡುವುದು ಈಗಿನ ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಗುಟ್ಟಾದ ಕೀ ಸೇರಿಸಿ ಎಚ್‌ಮ್ಯಾಕ್ ಮಾಡಿದರೆ ಒಳ್ಳೆಯದು. ಒಂದೇ ನಂಬರಿಗೆ ಎಲ್ಲ ಟೇಬಲ್‌ನಲ್ಲೂ ಒಂದೇ ಬದಲಿ ಬರುತ್ತದೆ, ಕೀ ಇಲ್ಲದವರಿಗೆ ಹಿಂದೆ ಹೋಗಲು ಬರುವುದಿಲ್ಲ. 2023ರಿಂದ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನೂ ಇದೆ ಎಂಬುದು ಗೊತ್ತಿರಲಿ.

ಆಧಾರ್, ಮೊಬೈಲ್, ಇಮೇಲ್ ರ‍್ಯಾಂಡಮ್ ಆಗಿ ಮಾಡಿದರೆ ಯಾರದ್ದೋ ಆಗಿಬಿಟ್ಟರೆ?

ಆಗುತ್ತದೆ. ಮೊಬೈಲ್ ನಂಬರ್ ಅಂತೂ ಯಾರದ್ದಾದರೂ ಆಗಿರುವ ಸಾಧ್ಯತೆ ಸಾಕಷ್ಟಿದೆ. ಟೆಸ್ಟ್ ಸರ್ವರಿನಿಂದ ನಿಜವಾದ ಎಸ್‌ಎಂಎಸ್ ಹೋಗುವ ದಾರಿಯನ್ನೇ ಮೊದಲು ಬಂದ್ ಮಾಡಿ. ಇಮೇಲಿಗೆ ಎಕ್ಸಾಂಪಲ್ ಡಾಟ್ ಕಾಮ್ ಇದೆ, 1999ರಿಂದ ಇಂಥ ಕೆಲಸಕ್ಕೇ ಮೀಸಲು.

ಆಧಾರ್‌ನ ಕೊನೆಯ ಅಂಕಿ ವೆರ್‌ಹೂಫ್ ಲೆಕ್ಕದಿಂದ ಬರುವ ತಾಳೆ ಅಂಕಿ. ಸುಮ್ನೆ 12 ಅಂಕಿ ಹಾಕಿದರೆ ಹತ್ತರಲ್ಲಿ ಒಂದು ಮಾತ್ರ ತಾಳೆಯಾಗುತ್ತದೆ. ನಿಜವಾದ ಆಧಾರ್ 0 ಅಥವಾ 1ರಿಂದ ಶುರುವಾಗುವುದಿಲ್ಲ. ಹಾಗಾಗಿ 0ಯಿಂದ ಶುರು ಮಾಡಿ, ತಾಳೆ ಅಂಕಿ ಸರಿಯಾಗಿ ಹಾಕಿದರೆ ಯಾರದ್ದೂ ಅಲ್ಲದ ನಂಬರ್ ಸಿಗುತ್ತದೆ. ಮೊದಲ ಅಂಕಿಯನ್ನು ನೋಡುವ ಫಾರ್ಮ್ ಇದನ್ನು ತಿರಸ್ಕರಿಸಬೇಕು, ಅದೂ ಒಂದು ಟೆಸ್ಟ್.

ಪಾಸ್‌ವರ್ಡ್, ಓಟಿಪಿಗೂ ಇದೇ ರ‍್ಯಾಂಡಮ್ ನಡೆಯುತ್ತದಾ?

ಇಲ್ಲ. ಮರ್ಸೆನ್ ಟ್ವಿಸ್ಟರ್ ಕೊಟ್ಟ 32 ಬಿಟ್‌ನ 624 ಸಂಖ್ಯೆ ಸಾಲಾಗಿ ಸಿಕ್ಕರೆ ಮುಂದಿನದೆಲ್ಲ ಹೇಳಿಬಿಡಬಹುದು. ಪೈಥಾನ್‌ನಲ್ಲಿ ಇದಕ್ಕೆಂದೇ 3.6ರಿಂದ ಸೀಕ್ರೆಟ್ಸ್ ಮಾಡ್ಯೂಲ್ ಇದೆ.

ಕೈಯಲ್ಲೇ ಬರೆಯುವವರಿಗೆ ಇನ್ನೊಂದು ಮಾತು. 62 ಅಕ್ಷರದ ಪಟ್ಟಿಯಿಂದ ಆರಿಸಲು ಒಂದು ಬೈಟ್ ತೆಗೆದು 62ರಿಂದ ಭಾಗಿಸಿ ಶೇಷ ಹಿಡಿಯುವವರಿದ್ದಾರೆ. 256ರಲ್ಲಿ 62 ನಾಲ್ಕು ಸಲ ಹೋಗಿ 8 ಉಳಿಯುತ್ತದೆ. ಹಾಗಾಗಿ ಮೊದಲ 8 ಅಕ್ಷರಕ್ಕೆ ಐದು ಅವಕಾಶ, ಉಳಿದವಕ್ಕೆ ನಾಲ್ಕು. 248 ಮತ್ತು ಮೇಲಿನದು ಬಂದರೆ ಬಿಸಾಡಿ, ಮತ್ತೆ ತೆಗೆಯಿರಿ.

ರಸೀದಿ ನಂಬರ್ ನಾಲ್ಕು ಅಂಕಿ ರ‍್ಯಾಂಡಮ್ ಇಟ್ಟರೆ ಎಷ್ಟು ದಿನ ನಡೆಯುತ್ತದೆ?

ಹತ್ತು ಸಾವಿರ ನಂಬರ್ ಇದೆ ಅಂತ ಧೈರ್ಯ ಬೇಡ. ಸುಮಾರು 118 ರಸೀದಿ ಆಗುವಷ್ಟರಲ್ಲಿ ಎರಡು ಒಂದೇ ಆಗುವ ಸಾಧ್ಯತೆ ಅರ್ಧಕ್ಕೆ ಅರ್ಧ. ಆರು ಅಂಕಿಗೆ ಹೋದರೂ ಸುಮಾರು 1,180. ಹರಾಜಿನ ದಿನ ಮಧ್ಯಾಹ್ನದೊಳಗೆ ಮುಗಿಯುವ ಲೆಕ್ಕ ಇದು. ಗುರುತಿಗೆ ಯುಯುಐಡಿ (ರಿಪೀಟ್ ಆಗುವುದು ತೀರಾ ಅಪರೂಪ ಎನ್ನುವಷ್ಟು ಉದ್ದದ ಗುರುತು) ಬಳಸಿ. ನಾಲ್ಕನೇ ಆವೃತ್ತಿಯಲ್ಲಿ 122 ರ‍್ಯಾಂಡಮ್ ಬಿಟ್ ಇರುತ್ತದೆ. ಕಾಗದದ ಮೇಲೆ ಕ್ರಮಸಂಖ್ಯೆಯೇ ಚೆಂದ.

300 ಅಕ್ಷರದ ಸ್ಟ್ರಿಂಗಿಗೆ ಫೇಲ್ ಆಯಿತು. ಯಾವುದರಿಂದ ಅಂತ ಹುಡುಕುವುದು ಹೇಗೆ?

ಅರ್ಧ ಕತ್ತರಿಸಿ, ಮತ್ತೆ ಓಡಿಸಿ. ಇನ್ನೂ ಫೇಲ್ ಆದರೆ ಮತ್ತೆ ಅರ್ಧ. ಇದನ್ನು ತಾನೇ ಮಾಡುವ ಲೈಬ್ರರಿಗಳಿವೆ. ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಹ್ಯಾಸ್ಕೆಲ್ ಭಾಷೆಗೆ ಮಾಡಿದ ಕ್ವಿಕ್‌ಚೆಕ್‌ನಿಂದ ಈ ಬಗೆಯ ಟೆಸ್ಟಿಂಗ್ ಹರಡಿತು. ಪೈಥಾನ್‌ನಲ್ಲಿ ಹೈಪಾಥಿಸಿಸ್ ಎಂಬ ಲೈಬ್ರರಿ ಬಳಸಿ. ನೀವು ನಿಯಮ ಹೇಳಿದರೆ ಸಾಕು, ಉದಾಹರಣೆಗೆ ‘ಸೇವ್ ಮಾಡಿದ್ದು ತೆರೆದಾಗ ಹಾಗೇ ಇರಬೇಕು’. ಸ್ಟ್ರಿಂಗ್ ಅದೇ ಮಾಡುತ್ತದೆ. ಮುರಿದರೆ ಸಣ್ಣದು ಮಾಡುತ್ತಾ ಹೋಗಿ ಎರಡು ಮೂರು ಅಕ್ಷರದ್ದನ್ನು ಕೈಗೆ ಕೊಡುತ್ತದೆ.

ಆನ್‌ಲೈನ್ ಜನರೇಟರ್ ಸೈಟ್ ಬಳಸಬಹುದಾ?

ಆಟಕ್ಕೆ ಬಳಸಿ. ನಿಜವಾದ ಡೇಟಾವನ್ನು ಅಲ್ಲಿ ಪೇಸ್ಟ್ ಮಾಡಬೇಡಿ. ಮತ್ತೆ ಜುಲೈಯಲ್ಲಿ ಮರ ಬಿದ್ದು ಎರಡು ದಿನ ನೆಟ್ ಇಲ್ಲದಾಗ ಏನು ಮಾಡುತ್ತೀರಿ?

ಇಂಗ್ಲಿಷ್, ಕನ್ನಡ ಎರಡಿದ್ದರೆ ನಮ್ಮ ಜಿಲ್ಲೆಗೆ ಸಾಕಾ?

ಸಾಲದು. ಕಾರವಾರದಲ್ಲಿ ಕೊಂಕಣಿಯನ್ನು ದೇವನಾಗರಿಯಲ್ಲೂ ಬರೆಯುತ್ತಾರೆ. ಭಟ್ಕಳದ ನವಾಯತಿ ಭಾಷೆ ಬಲದಿಂದ ಎಡಕ್ಕೆ ಓಡುವ ಲಿಪಿಯಲ್ಲಿದೆ. ಒಂದೇ ಸಾಲಿನಲ್ಲಿ ಆ ಲಿಪಿಯ ಹೆಸರು, ಪಕ್ಕದಲ್ಲಿ ಅಂಕಿ, ಆಮೇಲೆ ಕನ್ನಡದ ಊರು ಹಾಕಿ ಬಿಲ್ಲು ಪ್ರಿಂಟ್ ಮಾಡಿ ನೋಡಿ, ಮೊತ್ತ ಎಲ್ಲಿ ಹೋಗಿ ಕೂರುತ್ತದೆ ಅಂತ. ಇಮೋಜಿಯನ್ನೂ ಸೇರಿಸಿ. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ 3 ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡ ಪಾಸ್ ಆಯಿತು ಅಂತ ಖುಷಿಪಟ್ಟವರಿಗೆ 4 ಬೈಟಿನ ಇಮೋಜಿ ಬಂದಾಗ ಗೊತ್ತಾಗುತ್ತದೆ. ಅಲ್ಲಿ ಬೇಕಾದದ್ದು ‘ಯುಟಿಎಫ್8ಎಂಬಿ4’.

ಮಾಡಿದ ಡೇಟಾವನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿ ಕಳಿಸಬಹುದಾ?

ನೋಡಿ, ಸೇವ್ ಮಾಡಬೇಡಿ. ಸಿಎಸ್‌ವಿಯನ್ನು (ಅಲ್ಪವಿರಾಮ ಹಾಕಿ ಬರೆದ ಪಟ್ಟಿಯ ಫೈಲ್) ಡಬಲ್ ಕ್ಲಿಕ್ ಮಾಡಿ ತೆರೆದರೆ 08382 ಹೋಗಿ 8382 ಆಗಿರುತ್ತದೆ. 12 ಅಂಕಿಯ ಆಧಾರ್ ಇ ಪ್ಲಸ್ 11 ಅಂತ ಕಾಣುತ್ತದೆ. ಸಮ ಚಿಹ್ನೆಯಿಂದ ಶುರುವಾಗುವ ಸ್ಟ್ರಿಂಗ್ ಫಾರ್ಮುಲಾ ಆಗಿ ಓಡುತ್ತದೆ. ಫೈಲಿನ ಮೊದಲಿಗೆ ಬಿಓಎಂ (ಇದು ಯೂನಿಕೋಡ್ ಫೈಲ್ ಎಂದು ಹೇಳುವ ಗುರುತು) ಇಲ್ಲದಿದ್ದರೆ ಕನ್ನಡವೆಲ್ಲ ವಿಚಿತ್ರ ಚಿಹ್ನೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆಯಿರಿ. ಎಕ್ಸೆಲ್ ಬೇಕೇ ಬೇಕು ಅಂದರೆ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಎಲ್ಲ ಕಾಲಮ್‌ಗೂ ಟೆಕ್ಸ್ಟ್ ಅಂತ ಕೊಡಿ.